ಹಳೆಯ ನಕ್ಷೆಯಲ್ಲಿ ಕುದುರೆಮುಖ

ಬೆಳ್ಳಿ ಹಬ್ಬದ ಈ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರ ತಾಕೀತು. ಬೇಸಾಯ ಮಾಡಿಕೊಂಡಿರುವ ನನಗೆ ಪೆನ್ನಿಗಿಂತ ಹಾರೆಯ ಪರಿಚಯವೇ ಹೆಚ್ಚು. ಸಂಘದ ಇತಿಹಾಸವನ್ನು ಅಧ್ಯಕ್ಷರೂ ಕಾರ್ಯದರ್ಶಿಗಳೂ ಬರೆಯುತ್ತಾರೆ. ಆದುದರಿಂದ ನಾನು ನಮ್ಮ ಸೀಮೆಯ ನೆಲದ ಇತಿಹಾಸದಿಂದ ಒಂದು ಪುಟವನ್ನು ಆರಿಸಿಕೊಂಡಿದ್ದೇನೆ. ಕೆಲವು ವರ್ಷಗಳಿಂದ ಹಳೆಯ ನಕ್ಷೆಗಳನ್ನು ನೋಡುವ ಹವ್ಯಾಸ ನನಗೆ ಅಂಟಿಕೊಂಡಿದೆ. ಅದರಿಂದ ತಿಳಿದ ನಾಲ್ಕು ಸಂಗತಿಗಳನ್ನು ಸದಸ್ಯ ಬಾಂಧವರ ಮುಂದಿಡುತ್ತೇನೆ.

ಮಳೆಗಾಲ ಕಳೆದು ಆಕಾಶ ತಿಳಿಯಾದ ದಿನ ಮಣಿಪಾಲದ ಗುಡ್ಡದಲ್ಲಿ ನಿಂತು ಮೂಡು ದಿಕ್ಕಿಗೆ ನೋಡಿದರೆ ಘಟ್ಟದ ಸಾಲು ನೀಲಿ ಗೋಡೆಯ ಹಾಗೆ ಕಾಣುತ್ತದೆ. ಆ ಗೋಡೆಯ ಆಚೆ ಬದಿಯಲ್ಲಿ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಇತ್ತು. 1980ರಲ್ಲಿ ಕಾರ್ಖಾನೆ ಶುರುವಾಯಿತು, 2005ರ ಕೊನೆಗೆ ಗಣಿ ನಿಂತಿತು. ಅಂದರೆ ನಮ್ಮ ಸಂಘಕ್ಕೆ ಇಂದು ಎಷ್ಟು ವಯಸ್ಸೋ ಆ ಗಣಿಯ ಆಯುಷ್ಯವೂ ಅಷ್ಟೇ, 25 ವರ್ಷ. ಇಷ್ಟು ಸಮಯದಲ್ಲಿ ಒಂದು ಬೆಟ್ಟದ ಸೀಮೆ ಹೇಗೆ ಬದಲಾಗುತ್ತದೆ ಎಂದು ತಿಳಿಯಬೇಕಾದರೆ ಮೊದಲು ಅಲ್ಲಿ ಏನಿತ್ತು ಎಂಬುದು ಗೊತ್ತಿರಬೇಕು.

ನಮ್ಮ ಸಂಘದ ಜಮಾ-ಖರ್ಚಿನ ಪಟ್ಟಿಯಲ್ಲಿ ಮೊದಲ ಸಾಲು ಆರಂಭ ಶಿಲ್ಕು. ಆ ಸಾಲು ಇಲ್ಲದಿದ್ದರೆ ಎಷ್ಟು ಜಾಣ ಆಡಿಟರು ಬಂದರೂ ಲೆಕ್ಕ ತಾಳೆ ಹಾಕಲಾರರು. ನೆಲದ ವಿಚಾರದಲ್ಲಿ ಆ ಸಾಲು ಬರೆದಿರುವುದು ಹಳೆಯ ನಕ್ಷೆಯಲ್ಲಿ.

ನಕ್ಷೆ ಬಂದ ದಾರಿ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನಮ್ಮ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಹೋಯಿತು. ಗೆದ್ದ ರಾಜ್ಯದ ಅಗಲ ಉದ್ದ ತಿಳಿಯದೆ ಕಂದಾಯ ವಸೂಲಿ ಮಾಡುವುದು ಹೇಗೆ, ಸೈನ್ಯ ನಡೆಸುವುದು ಹೇಗೆ? ಆದ್ದರಿಂದ ಕಂಪೆನಿಯವರು ಕೂಡಲೇ ಅಳತೆಯ ಕೆಲಸ ಹಿಡಿದರು. ಕಾಲಿನ್ ಮೆಕೆಂಜಿ ಎಂಬ ಅಧಿಕಾರಿ ಮೈಸೂರು ಸೀಮೆಯ ಸರ್ವೆ ಮಾಡಿದರು. ಅವರೇ ಮುಂದೆ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದರು.

ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಇನ್ನೊಬ್ಬ ಅಧಿಕಾರಿ ತ್ರಿಕೋನ ಅಳತೆಯನ್ನು ಆರಂಭಿಸಿದರು. ಒಂದು ಗೆರೆಯನ್ನು ನೆಲದ ಮೇಲೆ ಸರಪಳಿಯಿಂದ ಸರಿಯಾಗಿ ಅಳೆಯುವುದು, ಅದರ ಎರಡು ತುದಿಯಿಂದ ದೂರದ ಒಂದು ಬೆಟ್ಟದ ತಲೆಗೆ ಕೋನ ಹಿಡಿಯುವುದು. ಒಂದು ಬದಿ ಮತ್ತು ಎರಡು ಕೋನ ಗೊತ್ತಾದರೆ ಉಳಿದ ಎರಡು ಬದಿಗಳ ಉದ್ದ ಲೆಕ್ಕದಿಂದಲೇ ಸಿಗುತ್ತದೆ, ನಡೆದು ಅಳೆಯಬೇಕಾಗಿಲ್ಲ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹೆಣೆಯುತ್ತಾ ಹೋಗುವುದೇ ಆ ಕ್ರಮ. 1802ರಲ್ಲಿ ಮದ್ರಾಸಿನಲ್ಲಿ ಮೂಲ ಗೆರೆ ಅಳೆದು, ಅಲ್ಲಿಂದ ಪಶ್ಚಿಮಕ್ಕೆ ಹೊರಟ ತ್ರಿಕೋನಗಳ ಸರಣಿ ಘಟ್ಟ ದಾಟಿ ಮಂಗಳೂರು ಕರಾವಳಿಗೆ ಮುಟ್ಟಿತು. ಅರ್ಧ ಟನ್ ತೂಕದ ಥಿಯೋಡೊಲೈಟ್ ಯಂತ್ರವನ್ನು ಬೆಟ್ಟ ಹತ್ತಿಸಿದ್ದು ಕೂಲಿಯಾಳುಗಳ ಹೆಗಲು. ಕೊನೆಗೆ ಲೆಕ್ಕ ಹಾಕಿದಾಗ ಮದ್ರಾಸಿನಿಂದ ಮಂಗಳೂರಿಗೆ 360 ಮೈಲಿ ಎಂದು ಬಂತು. ಅದಕ್ಕೆ ಮುಂಚಿನ ನಕ್ಷೆಗಳಲ್ಲಿ 400 ಮೈಲಿ ಎಂದಿತ್ತು. 40 ಮೈಲಿಯಷ್ಟು ನೆಲ ಬರೇ ಕಾಗದದ ಮೇಲೆ ಇತ್ತು ಎಂದಾಯಿತು!

ಅಂಥ ಅಳತೆಗಳ ಆಧಾರದ ಮೇಲೆ ಭಾರತೀಯ ಸರ್ವೇಕ್ಷಣಾ ಇಲಾಖೆ, ಅಂದರೆ ಸರ್ವೆ ಆಫ್ ಇಂಡಿಯಾ, ಮುಂದೆ ಒಂದು ಇಂಚಿಗೆ ಒಂದು ಮೈಲಿ ಲೆಕ್ಕದ ಟೊಪೊ ಶೀಟುಗಳನ್ನು ಮುದ್ರಿಸಿತು. ಸ್ವಾತಂತ್ರ್ಯಾನಂತರ ಮೀಟರ್ ಪದ್ಧತಿ ಬಂದಾಗ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರಿನ ಶೀಟುಗಳು ಬಂದವು. ಕರಾವಳಿ ಮತ್ತು ಗಡಿ ಭಾಗದ ಶೀಟುಗಳಿಗೆ ರಕ್ಷಣೆಯ ಕಾರಣ ಬಹಳ ಕಾಲ ನಿರ್ಬಂಧ ಇತ್ತು. ನಮ್ಮ ಊರಿನ ನಕ್ಷೆಯೇ ನಮಗೆ ಸುಲಭದಲ್ಲಿ ಸಿಗುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷೆ ನೀತಿ, ಆಮೇಲೆ 2021ರ ಹೊಸ ನಿಯಮಗಳಿಂದ ಈ ಬಿಗಿ ಬಹಳಷ್ಟು ಸಡಿಲಾಗಿದೆ. 1950ರ ದಶಕದಲ್ಲಿ ಅಮೆರಿಕದ ಸೇನೆಯವರು ಭಾರತದ ಮೇಲೆ ಮುದ್ರಿಸಿದ ಒಂದು ಸರಣಿಯೂ ಈಗ ಅಲ್ಲಿನ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುತ್ತದೆ. ಅದು ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರಿನ ಸಣ್ಣ ನಕ್ಷೆ. ನನ್ನ ಅಕ್ಕನ ಮಗ ಅದನ್ನು ದೊಡ್ಡ ಕಾಗದದಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟದ್ದರಿಂದಲೇ ನನ್ನ ಹವ್ಯಾಸ ಶುರುವಾದದ್ದು.

ನಕ್ಷೆ ಓದುವ ಕ್ರಮ

ಟೊಪೊ ಶೀಟಿನ ಮೇಲ್ಭಾಗದಲ್ಲಿ ಒಂದು ನಂಬ್ರ ಇರುತ್ತದೆ. ಅದು ನಮ್ಮ ಸರ್ವೆ ನಂಬ್ರ, ಸಬ್‌ಡಿವಿಜನ್ ಇದ್ದ ಹಾಗೆಯೇ. ದೇಶವನ್ನು ದೊಡ್ಡ ಚೌಕಗಳಾಗಿ ಮಾಡಿ ನಂಬ್ರ ಕೊಟ್ಟಿದ್ದಾರೆ. ನಮ್ಮದು 48ನೇ ಚೌಕ. ಅದನ್ನು 16 ಪಾಲು ಮಾಡಿ ಎ ಯಿಂದ ಪಿ ವರೆಗೆ ಅಕ್ಷರ, ಒಂದೊಂದು ಅಕ್ಷರವನ್ನು ಮತ್ತೆ 16 ಪಾಲು ಮಾಡಿ 1ರಿಂದ 16ರ ವರೆಗೆ ಅಂಕಿ. ಉಡುಪಿ, ಕಾರ್ಕಳ ಪೇಟೆಗಳು 48 ಕೆ ಯಲ್ಲಿ ಬರುತ್ತವೆ. ಘಟ್ಟದ ಮೇಲಿನ ಕುದುರೆಮುಖ 48 ಓ ಯಲ್ಲಿ, ಶಿಖರ ಇರುವುದು 48 ಓ/8ರಲ್ಲಿ. ಹಳೆಯ ಶೀಟುಗಳಲ್ಲಿ ನಮ್ಮ ಊರುಗಳ ಹೆಸರು 'ಉಡಿಪಿ', 'ಕಾರ್ಕಲ್' ಎಂದು ಇಂಗ್ಲಿಷಿನವರ ನಾಲಿಗೆಗೆ ಬಂದಂತೆ ಇರುತ್ತದೆ. ಆದ್ದರಿಂದ ಹೆಸರು ಹುಡುಕುವಾಗ ಸ್ವಲ್ಪ ತಾಳ್ಮೆ ಬೇಕು.

ಬಣ್ಣಗಳಿಗೆ ಅರ್ಥ ಉಂಟು. ನೀಲಿ ಎಂದರೆ ನೀರು, ಹಸಿರು ಎಂದರೆ ಕಾಡು, ಹಳದಿ ಎಂದರೆ ಸಾಗುವಳಿ, ಕೆಂಪು ಎಂದರೆ ರಸ್ತೆ ಮತ್ತು ಮನೆಗಳು, ಕಂದು ಗೆರೆ ಎಂದರೆ ಎತ್ತರ. ಈ ಕಂದು ಗೆರೆಗಳೇ ಮುಖ್ಯ. ಕಾಂಟೂರ್ ಬಂಡು ಹಾಕಿದ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಗೆರೆಯ ಉದ್ದಕ್ಕೂ ನೆಲದ ಎತ್ತರ ಒಂದೇ. ಮೀಟರ್ ಲೆಕ್ಕದ ಶೀಟಿನಲ್ಲಿ ಗೆರೆಯಿಂದ ಗೆರೆಗೆ 20 ಮೀಟರು ಏರು. ಗೆರೆಗಳು ದೂರ ದೂರ ಇದ್ದರೆ ಬೈಲು, ಒತ್ತೊತ್ತಾಗಿ ಇದ್ದರೆ ದರೆ. ಕಾರ್ಕಳದಿಂದ ಮೂಡಕ್ಕೆ ಬೆರಳು ಸರಿಸುತ್ತಾ ಹೋದರೆ ಮಾಳದ ಹತ್ತಿರ ಗೆರೆಗಳು ಒಂದರ ಮೇಲೊಂದು ಬಿದ್ದಂತೆ ಕಪ್ಪಾಗಿ ಕಾಣುತ್ತವೆ. ಅದೇ ಘಟ್ಟದ ಗೋಡೆ. ಗೋಡೆ ಹತ್ತಿ ಆಚೆ ಹೋದರೆ ಗೆರೆಗಳು ಸಡಿಲಾಗಿ, ಉರುಟುರುಟಾದ ಹುಲ್ಲಿನ ಗುಡ್ಡಗಳೂ ನಡುವಿನ ಕಣಿವೆಗಳಲ್ಲಿ ಶೋಲಾ ಕಾಡೂ ಸಿಗುತ್ತವೆ.

ಈ ಗೋಡೆಯ ನೆತ್ತಿಯೇ ನೀರಿನ ಗಡಿ. ಅದರ ಮೂಡು ಬದಿಗೆ ಬಿದ್ದ ಮಳೆ ಭದ್ರಾ ನದಿಗೆ ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡು ಬದಿಗೆ ಬಿದ್ದದ್ದು ನಮ್ಮ ಕಡೆಗೆ ಇಳಿಯುತ್ತದೆ. ಕಾರ್ಕಳ ತಾಲೂಕಿನ ಮಾಳದ ಕಡೆಯ ಘಟ್ಟದಲ್ಲಿ ಹುಟ್ಟುವ ಸ್ವರ್ಣಾ ನದಿಯ ನೀರನ್ನೇ ಹಿರಿಯಡ್ಕ ಸಮೀಪದ ಬಜೆಯಲ್ಲಿ ತಡೆದು ಉಡುಪಿ ಪೇಟೆಗೆ ಕೊಡುವುದು. ನಮ್ಮ ನಳ್ಳಿಯಲ್ಲಿ ಬರುವ ನೀರಿಗೂ ಆ ಕಂದು ಗೆರೆಗಳಿಗೂ ಸಂಬಂಧ ಉಂಟು ಎಂದು ಗೊತ್ತಾದ ಮೇಲೆ ನಕ್ಷೆ ಬರೇ ಚಿತ್ರವಾಗಿ ಉಳಿಯುವುದಿಲ್ಲ.

ಗಡಿ ಗೆರೆಯ ಕಥೆ

ಹಳೆಯ ನಕ್ಷೆಯಲ್ಲಿ ಘಟ್ಟದ ನೆತ್ತಿಯ ಗುಂಟ ಇನ್ನೊಂದು ಗೆರೆ ಓಡುತ್ತದೆ. ಅದು ರಾಜ್ಯದ ಗಡಿ. 1956ರ ನವೆಂಬರ್ 1ರ ವರೆಗೆ ನಾವು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು, ಘಟ್ಟದ ಮೇಲಿನವರು ಮೈಸೂರಿನವರು. ಈಗಲೂ ಕಾರ್ಕಳದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ 'ಎಸ್.ಕೆ. ಬಾರ್ಡರ್' ಎಂಬ ಸ್ಥಳ ಇದೆ. ಸೌತ್ ಕೆನರಾ ಬಾರ್ಡರ್ ಎಂಬುದರ ಮೊಟಕು ರೂಪ ಅದು. ಸೌತ್ ಕೆನರಾ ಎಂಬ ಹೆಸರು ಹೋಯಿತು, 1997ರಲ್ಲಿ ಉಡುಪಿ ಬೇರೆ ಜಿಲ್ಲೆಯೂ ಆಯಿತು. ಆದರೆ ಗುಡ್ಡದ ಮೇಲೆ ಹಳೇ ಹೆಸರು ಹಾಗೆಯೇ ಕುಳಿತಿದೆ.

ಈ ಗೆರೆಗೆ ಗಣಿಯ ಇತಿಹಾಸದಲ್ಲಿಯೂ ಪಾಲು ಇದೆ. ಬ್ರಿಟಿಷರ ಕಾಲದಲ್ಲಿ ನಮ್ಮ ಜಿಲ್ಲೆಯ ಬಿಳಿ ಅಧಿಕಾರಿಗಳಿಗೆ ಕುದುರೆಮುಖ ಬೇಸಗೆಯ ತಂಪು ಜಾಗವಾಗಿತ್ತು. ಅಲ್ಲಿ ಒಂದು ಬಂಗಲೆ ಇತ್ತು, ಹತ್ತಲು ಕುದುರೆ ದಾರಿ ಇತ್ತು. ಸಮುದ್ರದಲ್ಲಿ ಹೋಗುವ ನಾವಿಕರಿಗೆ ಕುದುರೆಯ ಮೋರೆಯಂತಹ ಆ ಶಿಖರ ಗುರುತಾಗಿತ್ತು. ಹಳೇ ಗೆಜೆಟಿಯರಿನಲ್ಲಿ ಅದರ ಎತ್ತರ 6,215 ಅಡಿ, ಅಂದರೆ ಸುಮಾರು 1,894 ಮೀಟರು. ಆದರೆ ಅದಿರನ್ನು ಗುರುತಿಸಿದ್ದು ಗೆರೆಯ ಆಚೆಯವರು. 1913ರಲ್ಲಿ ಮೈಸೂರು ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರ್ ಅವರು ಅಲ್ಲಿ ಕಬ್ಬಿಣದ ಅದಿರು ಇದೆ ಎಂದು ಕಂಡುಹಿಡಿದರು. ಆ ಮೇಲೆ 50 ವರ್ಷ ಅದು ಕಡತದಲ್ಲಿಯೇ ಇತ್ತು. ಕಾಡಿನ ನಡುವೆ, ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವಲ್ಲಿಂದ ಅದಿರನ್ನು ಬಂದರಿಗೆ ಸಾಗಿಸುವುದು ಆ ಕಾಲಕ್ಕೆ ಸುಲಭದ ಮಾತಾಗಿರಲಿಲ್ಲ.

ಗಣಿ ಬಂದ ಮೇಲೆ

1969ರಲ್ಲಿ ಗಣಿ ಗುತ್ತಿಗೆ ಮಂಜೂರಾಯಿತು. ಗುತ್ತಿಗೆಯ ಜಾಗ ಸುಮಾರು 4,600 ಹೆಕ್ಟೇರು. 1975ರಲ್ಲಿ ಇರಾನಿನ ಷಾ ಸರಕಾರ 63 ಕೋಟಿ ಡಾಲರು ಸಾಲ ಕೊಟ್ಟು ಅದಿರನ್ನೂ ತಾನೇ ಕೊಳ್ಳುವುದಾಗಿ ಒಪ್ಪಂದ ಮಾಡಿತು. 1976ರ ಏಪ್ರಿಲ್ 2ರಂದು ಕೇಂದ್ರ ಸರಕಾರದ ಕುದುರೆಮುಖ ಕಬ್ಬಿಣ ಅದಿರು ಕಂಪೆನಿ ಸ್ಥಾಪನೆಯಾಯಿತು. ಆದರೆ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಓಡಿಹೋದ. ಗಣಿ ಸಿದ್ಧವಾಗುವ ಹೊತ್ತಿಗೆ ಗಿರಾಕಿಯೇ ಇಲ್ಲವೆಂದಾಗಿ, ಬೇರೆ ದೇಶಗಳಲ್ಲಿ ಮಾರುಕಟ್ಟೆ ಹುಡುಕಬೇಕಾಯಿತು. ಒಬ್ಬನೇ ಖರೀದಿದಾರನನ್ನು ನಂಬಿ ಬೆಳೆ ಇಟ್ಟವರ ಪಾಡು ನಮಗೆಲ್ಲ ಗೊತ್ತಿದ್ದದ್ದೇ.

ಅಲ್ಲಿನ ಅದಿರು ಬಡ ಅದಿರು. ಅದರಲ್ಲಿ ಕಬ್ಬಿಣದ ಅಂಶ ಮೂರನೆಯ ಒಂದು ಪಾಲಿನ ಆಸುಪಾಸು. ಅದನ್ನು ಹುಡಿ ಮಾಡಿ, ನೀರಿನಲ್ಲಿ ಕಲಸಿ, ಅಯಸ್ಕಾಂತ ಮೊದಲಾದ ಕ್ರಮಗಳಿಂದ ಬೇರ್ಪಡಿಸಿ ನೂರಕ್ಕೆ 67ರ ಹತ್ತಿರ ಮುಟ್ಟಿಸುತ್ತಿದ್ದರು. ಒಳ್ಳೆಯ ಹುಡಿ ನೀರಿನ ಜೊತೆ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿದು ಪಣಂಬೂರಿಗೆ ಬರುತ್ತಿತ್ತು. ಉಳಿದ ಕೆಸರಿಗೆ ಜಾಗ ಬೇಕಲ್ಲ? ಅದಕ್ಕಾಗಿ ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಸುಮಾರು 100 ಮೀಟರು ಎತ್ತರದ ಅಣೆಕಟ್ಟು ಕಟ್ಟಿದರು. ಭತ್ತ ಕುಟ್ಟಿದಾಗ ಅಕ್ಕಿಗಿಂತ ಉಮಿ ಹೆಚ್ಚಾದರೆ ಉಮಿ ಹಾಕುವ ಗುಂಡಿಯೂ ದೊಡ್ಡದೇ ಬೇಕಾಗುತ್ತದೆ.

ಇಲ್ಲಿ ಹಳೆಯ ನಕ್ಷೆಯ ಉಪಯೋಗ ಕಾಣುತ್ತದೆ. 1950ರ ದಶಕದ ಶೀಟಿನಲ್ಲಿ ಅಣೆಕಟ್ಟೂ ಇಲ್ಲ, ಟೌನ್‌ಶಿಪ್ಪೂ ಇಲ್ಲ. 20 ಮೀಟರಿನ ಗೆರೆ ಇರುವ ಶೀಟಿನಲ್ಲಿ 100 ಮೀಟರು ಎಂದರೆ ಐದು ಗೆರೆ. ಹಳೇ 50 ಅಡಿ ಗೆರೆಯ ಶೀಟಿನಲ್ಲಾದರೆ ಆರೇಳು ಗೆರೆ. ಅಣೆಕಟ್ಟಿನ ಬುಡದಿಂದ ಅಷ್ಟು ಗೆರೆ ಮೇಲಕ್ಕೆ ಎಣಿಸಿ, ಆ ಗೆರೆಯ ಮೇಲೆಯೇ ಕಣಿವೆಯ ಸುತ್ತ ಪೆನ್ಸಿಲ್ ಓಡಿಸಿಕೊಂಡು ಬಂದರೆ ಕೆಸರು ಎಲ್ಲಿಯವರೆಗೆ ಏರಬಹುದಿತ್ತು, ಯಾವ ಹೊಳೆಯ ಕವಲು ಒಳಗಾಯಿತು ಎಂದು ಅಂದಾಜು ಸಿಗುತ್ತದೆ. ಎಸ್.ಎಸ್.ಎಲ್.ಸಿ. ವರೆಗೆ ಓದಿದ ಯಾರೂ ಮಾಡಬಹುದಾದ ಕೆಲಸ. ಈಗಿನ ಉಪಗ್ರಹ ಚಿತ್ರವನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡ ಹಾಗೂ ಸಪಾಟಾಗಿ ತುಂಬಿದ ಕಣಿವೆ ಎರಡೂ ಎದ್ದು ಕಾಣುತ್ತವೆ. ಹಳೆಯ ಶೀಟು ಇಲ್ಲದೆ ಬರೇ ಇಂದಿನ ಚಿತ್ರ ನೋಡಿದರೆ ಆ ಸಪಾಟು ಜಾಗ ಮೊದಲಿಂದಲೂ ಹಾಗೆಯೇ ಇತ್ತೋ ಏನೋ ಎಂದು ಭಾವಿಸಬೇಕು.

1987ರಲ್ಲಿ ಸಿಂಗಳೀಕಗಳ ನೆಲೆಯಾದ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನ ಎಂದು ಸಾರಲಾಯಿತು. ಗಣಿ ಮತ್ತು ಉದ್ಯಾನದ ವ್ಯಾಜ್ಯ ಬೆಳೆಯಿತು. ಗುತ್ತಿಗೆ ಅವಧಿ 1999ಕ್ಕೆ ಮುಗಿಯಿತು. ಭದ್ರೆಗೆ ಹೂಳು ಸೇರುತ್ತದೆ ಎಂಬುದು ಮುಖ್ಯ ಆಕ್ಷೇಪಗಳಲ್ಲಿ ಒಂದಾಗಿತ್ತು. ಕೊನೆಗೆ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು ತೀರ್ಪು ನೀಡಿ, 2005ರ ಡಿಸೆಂಬರ್ 31ರ ಒಳಗೆ ಗಣಿಗಾರಿಕೆ ನಿಲ್ಲಬೇಕೆಂದು ಹೇಳಿತು. ಹಾಗೆಯೇ ನಿಂತಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿ ಬಂತು.

ಗಣಿಯಿಂದ ಕೆಟ್ಟದ್ದೇ ಆಯಿತು ಎಂದು ನಾನು ಬರೆಯುವುದಿಲ್ಲ. ಎಷ್ಟೋ ಮನೆಗಳ ಒಲೆ ಆ ಕೆಲಸದಿಂದ ಉರಿದಿದೆ, ಮಕ್ಕಳು ಓದಿದ್ದಾರೆ. ಗಣಿ ನಿಂತ ಮೇಲೆ ಟೌನ್‌ಶಿಪ್ಪಿನ ಹೆಚ್ಚಿನ ಮನೆಗಳು ಖಾಲಿಯಾದವು. ಜಮಾ ಕಡೆಯಲ್ಲಿ ಸಂಬಳ ಮತ್ತು ವಿದೇಶಿ ವಿನಿಮಯ, ಖರ್ಚಿನ ಕಡೆಯಲ್ಲಿ ಗುಡ್ಡ ಮತ್ತು ಹೊಳೆ. ಎರಡನ್ನೂ ಬರೆಯದೆ ಲೆಕ್ಕ ಮಂಡಿಸಲಾಗದು.

ನಕ್ಷೆ ಹೇಳದ ಮಾತು

ಬೇರೆ ದೇಶದವರು ಈ ಕೆಲಸವನ್ನು ಬಹಳ ಆಸ್ಥೆಯಿಂದ ಮಾಡುತ್ತಾರೆ. ಅಮೆರಿಕದ ಭೂಗರ್ಭ ಸರ್ವೆ ಇಲಾಖೆ 1884ರಿಂದೀಚೆಗೆ ಮಾಡಿದ ತನ್ನ ಹಳೆಯ ಟೊಪೊ ಶೀಟುಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ಬಿಟ್ಟಿದೆ. ಕೊಲೊರಾಡೊ ಬೆಟ್ಟಗಳಲ್ಲಿ ನೂರು ವರ್ಷದ ಹಿಂದೆ ಮುಚ್ಚಿದ ಚಿನ್ನ ಬೆಳ್ಳಿಯ ಗಣಿಗಳನ್ನು, ಹಾಳು ಬಿದ್ದ ಊರುಗಳನ್ನು, ಕಿತ್ತುಹಾಕಿದ ರೈಲು ದಾರಿಗಳನ್ನು ಜನ ಆ ಶೀಟು ಹಿಡಿದುಕೊಂಡೇ ಹುಡುಕುತ್ತಾರೆ. ಗಣಿಗೆ ಅಲ್ಲಿ ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಪಿಕಾಸಿಯ ಗುರುತು. ನೆಲದ ಮೇಲೆ ಹುಲ್ಲು ಬೆಳೆದು ಎಲ್ಲ ಮುಚ್ಚಿದ್ದರೂ ಕಾಗದದ ಮೇಲೆ ಆ ಗುರುತು ಉಳಿದಿರುತ್ತದೆ. ಎಲ್ಲಿ ಸುರಂಗ ಇದೆ, ಎಲ್ಲಿ ಕಾಲಿಡಬಾರದು ಎಂದು ತಿಳಿಯುವುದಕ್ಕೂ ಅದರಿಂದ ಸಹಾಯ.

ಆದರೆ ನಕ್ಷೆಯನ್ನು ಮಾಡಿಸಿದ್ದು ಸರಕಾರ, ಅದರ ಅಗತ್ಯಕ್ಕಾಗಿ. ಹೊಳೆಯ ಹೆಸರು ಬರೆದಿರುತ್ತಾರೆ, ಆ ಹೊಳೆಗೆ ಕಟ್ಟ ಹಾಕುತ್ತಿದ್ದವರು ಯಾರು ಎಂದು ಬರೆದಿರುವುದಿಲ್ಲ. ಕಾಲುದಾರಿಗೆ ಚುಕ್ಕೆ ಗೆರೆ ಇರುತ್ತದೆ, ಆ ದಾರಿಯಲ್ಲಿ ಉಪ್ಪು ಹೊತ್ತು ಘಟ್ಟ ಹತ್ತಿದವರ ಸುದ್ದಿ ಇರುವುದಿಲ್ಲ. ಸಣ್ಣ ಕೆಂಪು ಚೌಕ ಒಂದು ಮನೆ. ಆ ಮನೆಯವರು ಗೇಣಿಗೆ ಇದ್ದರೋ, ಮೂಲದವರೋ, ಎಲ್ಲಿಗೆ ಹೋದರೋ ಕೇಳಬಾರದು. ಆದ್ದರಿಂದ ನಕ್ಷೆ ಅರ್ಧ ದಾಖಲೆ. ಉಳಿದ ಅರ್ಧ ಇರುವುದು ಹಿರಿಯರ ಬಾಯಲ್ಲಿ.

ನಮ್ಮೂರಿಗೆ ಇದರಿಂದೇನು?

ಆದಿ ಉಡುಪಿಯಲ್ಲಿ ಗಣಿ ಇಲ್ಲ. ಆದರೆ ನೆಲ ಬದಲಾಗುವುದಕ್ಕೆ ಗಣಿಯೇ ಬೇಕೆಂದಿಲ್ಲ. ಹೆದ್ದಾರಿ ಅಗಲವಾಯಿತು, ಬೈಲುಗದ್ದೆಗೆ ಮಣ್ಣು ಬಿತ್ತು, ಮನೆ, ಅಂಗಡಿ, ಫ್ಲಾಟು ಎದ್ದವು. ಕೆಂಪು ಕಲ್ಲಿನ ಕೋರೆಗಳು ಗುಡ್ಡವನ್ನು ಗುಂಡಿ ಮಾಡಿದವು. ಮದಗ ತುಂಬಿಹೋಯಿತು, ತೋಡು ಚರಂಡಿಯಾಯಿತು. ಇದಕ್ಕೆ ಯಾರೋ ಒಬ್ಬರು ಕಾರಣ ಎಂದಲ್ಲ. ನಮ್ಮಲ್ಲಿ ಹಲವರು ಜಾಗ ಮಾರಿದ್ದೇವೆ, ಹಲವರು ಕೊಂಡಿದ್ದೇವೆ.

ಕಲ್ಸಂಕ ಎಂಬ ಹೆಸರನ್ನೇ ನೋಡಿ. ಕಲ್ಲಿನ ಸಂಕ ಹಾಕಬೇಕಾದಷ್ಟು ನೀರು ಇಂದ್ರಾಣಿಯಲ್ಲಿ ಹರಿಯುತ್ತಿತ್ತು ಎಂದು ಹೆಸರೇ ಸಾಕ್ಷಿ ಹೇಳುತ್ತದೆ. 2020ರ ಸೆಪ್ಟೆಂಬರ್ 20ರ ಮಳೆಗೆ ಉಡುಪಿಯ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದಾಗ 'ಇಲ್ಲಿಗೆ ನೀರು ಹೇಗೆ ಬಂತು' ಎಂದು ಹೊಸಬರು ಕೇಳಿದರು. ನೀರು ತನ್ನ ಹಳೇ ದಾರಿ ಮರೆತಿರುವುದಿಲ್ಲ, ಮರೆತದ್ದು ನಾವು. ಅದರ ಹಿಂದಿನ ವರ್ಷ, 2019ರ ಮೇ ತಿಂಗಳಲ್ಲಿ, ಬಜೆಯಲ್ಲಿ ನೀರು ತಳ ಕಂಡು ನಳ್ಳಿ ನೀರಿಗೆ ಸರದಿ ಕಾದದ್ದೂ ನೆನಪಿರಬಹುದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಒಂದು ವರ್ಷ ಬರ, ಮರು ವರ್ಷ ನೆರೆ!

ನಮ್ಮ ಹತ್ತಿರ ಪಹಣಿ ಇದೆ, ಅಡಂಗಲ್ ಇದೆ, ಸರ್ವೆ ಸ್ಕೆಚ್ ಇದೆ. ಸಾಲದ ಅರ್ಜಿಯ ಜೊತೆ ಸಂಘದಲ್ಲಿ ನಾವು ನೋಡುವುದೂ ಅವನ್ನೇ. ಅವು ಜಾಗ ಯಾರದ್ದು ಎಂದು ಹೇಳುತ್ತವೆ. ಜಾಗ ಹೇಗಿತ್ತು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತು ಎಂದು ಹೇಳುವುದು ಟೊಪೊ ಶೀಟು. ಎರಡೂ ಬೇಕು. ಪಂಚಾಯತು, ನಗರಸಭೆಗೆ ಹೋಗಿ 'ಇಲ್ಲಿ ತೋಡು ಇತ್ತು' ಎಂದು ಬಾಯಿಮಾತಿನಲ್ಲಿ ಹೇಳಿದರೆ 'ದಾಖಲೆ ಎಲ್ಲಿ' ಎಂಬ ಪ್ರಶ್ನೆ ಬರುತ್ತದೆ. ಆಗ ನಕ್ಷೆಯಲ್ಲಿ ನೀಲಿ ಗೆರೆ ತೋರಿಸಿದರೆ ಮಾತಿಗೆ ತೂಕ ಬರುತ್ತದೆ.

ಆದ್ದರಿಂದ ಬೆಳ್ಳಿ ಹಬ್ಬದ ನೆನಪಿಗಾಗಿ ಆಡಳಿತ ಮಂಡಳಿಯ ಮುಂದೆ ನನ್ನದೊಂದು ಸಲಹೆ. ನಮ್ಮ ಊರಿನ ಭಾಗದ ಹಳೆಯ ಶೀಟು ಒಂದು, ಈಗಿನದ್ದು ಒಂದು, ಎರಡನ್ನೂ ಒಂದೇ ಅಳತೆಗೆ ದೊಡ್ಡದು ಮಾಡಿಸಿ ಸಂಘದ ಸಭಾಂಗಣದ ಗೋಡೆಗೆ ಅಕ್ಕಪಕ್ಕ ಹಾಕೋಣ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. 70 ದಾಟಿದ ಹಿರಿಯ ಸದಸ್ಯರನ್ನು ಒಂದು ಭಾನುವಾರ ಕರೆದು ಕೂರಿಸಿ, ಕಟ್ಟ ಎಲ್ಲಿ ಹಾಕುತ್ತಿದ್ದರು, ಮದಗ ಎಲ್ಲಿತ್ತು, ಸಂಕ, ಹಾಡಿ, ನಾಗಬನ, ಕಾಲುದಾರಿ ಎಲ್ಲೆಲ್ಲಿ ಎಂದು ಕೇಳಿ, ಶಾಲಾ ಮಕ್ಕಳ ಕೈಯಿಂದ ಹಳೆಯ ಶೀಟಿನ ಮೇಲೆ ಗುರುತು ಹಾಕಿಸೋಣ. ಹಿರಿಯರು ಇರುವಾಗಲೇ ಆಗಬೇಕಾದ ಕೆಲಸ ಇದು. ಕಾಗದ ದೆಹರಾದೂನಿನಿಂದಲೋ ಅಮೆರಿಕದಿಂದಲೋ ನಾಳೆಯೂ ಸಿಕ್ಕೀತು, ಅವರ ನೆನಪು ಸಿಗಲಾರದು.

ಸಂಘದ 50ನೇ ವರ್ಷದಲ್ಲಿ ಆ ಗೋಡೆಯ ಮುಂದೆ ನಿಲ್ಲುವವರಿಗೆ ನಾವು ಯಾವ ಊರನ್ನು ಪಡೆದೆವು, ಯಾವ ಊರನ್ನು ಅವರಿಗೆ ಒಪ್ಪಿಸಿದೆವು ಎಂದು ಲೆಕ್ಕ ನೋಡಲು ಆರಂಭ ಶಿಲ್ಕು ಸಿಗಲಿ.